ನೋವನ್ನು ಬರೆದಿಡಿ, ಮನಸ್ಸು ಹಗುರವಾಗಲಿ



ರಾತ್ರಿ ವಾರ್ಡಿನ ದೀಪ ಆರಿಸಿದ ಮೇಲೂ ಎಷ್ಟೋ ಜನರಿಗೆ ನಿದ್ರೆ ಬರುವುದಿಲ್ಲ. ಮಂಚದ ಮೇಲಿರುವವರು ಮನೆಯವರು ಕುಗ್ಗಬಾರದೆಂದು ಸುಮ್ಮನಿರುತ್ತಾರೆ. ಕೆಳಗೆ ಚಾಪೆ ಹಾಸಿಕೊಂಡವರು ರೋಗಿ ಹೆದರಬಾರದೆಂದು ಸುಮ್ಮನಿರುತ್ತಾರೆ. ಇಬ್ಬರೂ ಹೊರಗೆ ಧೈರ್ಯ ತೋರಿಸುತ್ತಾ ಒಳಗೆ ಬೇಯುತ್ತಿರುತ್ತಾರೆ. ಹೀಗೆ ಹೇಳಿಕೊಳ್ಳಲಾಗದ ಮಾತುಗಳಿಗೆ ಒಂದು ನೋಟ್‌ಬುಕ್ಕು, ಒಂದು ಪೆನ್ನು ಜಾಗ ಕೊಡಬಲ್ಲವು. ಅದು ಹೇಗೆಂದು ಈ ಪಾಠದಲ್ಲಿ ತಿಳಿಯೋಣ.

ಕಷ್ಟವನ್ನು ಬರೆಯುವುದು ಅಶುಭವೇ?

"ಕೆಟ್ಟದ್ದನ್ನು ಬರೆಯಬಾರದು ಸಿಸ್ಟರ್, ಅಸ್ತು ದೇವತೆಗಳು ಅಸ್ತು ಅಂದುಬಿಡುತ್ತಾರೆ" ಎಂದು ಕೆಲವರು ಹೇಳುತ್ತಾರೆ. ಆದರೆ ನಮ್ಮ ಶರಣರನ್ನು ನೋಡಿ. ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುವ ಚೌಡಯ್ಯ, ಅಕ್ಕಿ ಆಯುವ ಲಕ್ಕಮ್ಮ ಮುಂತಾದವರು ತಮ್ಮ ಬದುಕನ್ನು, ಕಾಯಕವನ್ನು ಮಾತಾಗಿಸಿದರು. ಅಕ್ಕಮಹಾದೇವಿಯ ಒಂದು ವಚನದಲ್ಲಿ ಹಸಿವು, ಬಾಯಾರಿಕೆ, ನಿದ್ರೆಗಳನ್ನೇ ಎದುರಿಗೆ ನಿಲ್ಲಿಸಿ ಮಾತನಾಡಿಸುತ್ತಾಳೆ. ತಾನು ಚೆನ್ನಮಲ್ಲಿಕಾರ್ಜುನನ ತುರ್ತು ಓಲೆ ಒಯ್ಯುತ್ತಿದ್ದೇನೆಂದು ಅವುಗಳಿಗೆ ತಿಳಿಸುತ್ತಾಳೆ. ಬಾಧಿಸುವುದನ್ನು ಹೆಸರು ಹಿಡಿದು ಕರೆದಳು, ಕರೆದು ಮುಂದೆ ನಡೆದಳು.

ವಚನದ ಅಂಕಿತವನ್ನೂ ಗಮನಿಸಿ. ಬಸವಣ್ಣನವರು ಕೂಡಲಸಂಗಮದೇವನಿಗೆ ಬಿನ್ನಹ ಮಾಡಿಕೊಂಡರು, ದೂರನ್ನೂ ಕೊಟ್ಟರು. ಕಷ್ಟವನ್ನು ಮುಚ್ಚಿಡುವುದು ಭಕ್ತಿಯಲ್ಲ. ಅದನ್ನು ಇಷ್ಟದೈವದ ಮುಂದೆ ಇದ್ದದ್ದು ಇದ್ದ ಹಾಗೆ ಬಿಚ್ಚಿಡುವುದೂ ಭಕ್ತಿಯೇ.

ನಮ್ಮ ಊರಿನವರ ಮಾದರಿ

ಚಾಮರಾಜಪೇಟೆಯ ಕಡೆ ಓಡಾಡಿದವರು ಮಕ್ಕಳ ಕೂಟದ ಹೆಸರು ಕೇಳಿರುತ್ತೀರಿ. ಅದನ್ನು 1938ರಲ್ಲಿ ಕಟ್ಟಿದವರು ಆರ್. ಕಲ್ಯಾಣಮ್ಮನವರು. ಅವರು ಬಾಲವಿಧವೆ. ಆ ಕಾಲದಲ್ಲಿ ಅಂಥ ಹೆಣ್ಣುಮಗಳಿಗೆ ಮನೆಯ ಮೂಲೆಯೇ ಗತಿಯಾಗಿತ್ತು. ಅವರು ಲೇಖನಿ ಹಿಡಿದರು. 1921ರಲ್ಲಿ 'ಸರಸ್ವತಿ' ಎಂಬ ಮಾಸಪತ್ರಿಕೆ ಆರಂಭಿಸಿ ನಾಲ್ಕು ದಶಕ ನಡೆಸಿದರು. ನಂಜನಗೂಡಿನ ತಿರುಮಲಾಂಬಾ ಅವರೂ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. 1913ರಲ್ಲಿ 'ಸತಿಹಿತೈಷಿಣಿ' ಗ್ರಂಥಮಾಲೆ ಆರಂಭಿಸಿ ತಾವೇ ಪ್ರಕಾಶಕಿಯಾದರು. ಬಂದ ದುಃಖವನ್ನು ಇಬ್ಬರೂ ಅಳಿಸಲಾಗಲಿಲ್ಲ. ಆದರೆ ಅದು ತಮ್ಮ ಬಾಯಿ ಕಟ್ಟಲು ಬಿಡಲಿಲ್ಲ.

ವೈದ್ಯಶಾಸ್ತ್ರ ಏನು ಹೇಳುತ್ತದೆ?

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಿಂದ ಈ ವಿಷಯವನ್ನು ಅಧ್ಯಯನ ಮಾಡಿದರು. 1999ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಆಸ್ತಮಾ ಮತ್ತು ಸಂಧಿವಾತದ ರೋಗಿಗಳಿಗೆ ಸತತ 3 ದಿನ, ದಿನಕ್ಕೆ 20 ನಿಮಿಷ ಬರೆಯಲು ಹೇಳಿದರು. ತಮ್ಮ ಅತಿ ಕಷ್ಟದ ಅನುಭವ ಬರೆದವರಲ್ಲಿ 4 ತಿಂಗಳ ನಂತರ ಶೇ. 47 ಜನರಲ್ಲಿ ಗಣನೀಯ ಸುಧಾರಣೆ ಕಂಡಿತು. ಸಾಮಾನ್ಯ ವಿಷಯ ಬರೆದವರಲ್ಲಿ ಇದು ಶೇ. 24 ಮಾತ್ರ. ಮುಂದಿನ ಅಧ್ಯಯನಗಳಲ್ಲಿ ಎಲ್ಲರಿಗೂ ಇಷ್ಟು ಲಾಭ ಕಂಡುಬಂದಿಲ್ಲ. ಎಲ್ಲರೂ ಔಷಧಿಯ ಜೊತೆಗೇ ಬರೆದರು ಎಂಬುದನ್ನು ಮರೆಯಬಾರದು. ಬರವಣಿಗೆ ಮಾತ್ರೆಗೆ ಬದಲಿಯಲ್ಲ.

ಬರೆಯುವ ಕ್ರಮ

1. ದಿನಕ್ಕೆ 15ರಿಂದ 20 ನಿಮಿಷ, ಸತತ ಮೂರು ನಾಲ್ಕು ದಿನ ಬರೆಯಿರಿ. ಸಂಜೆಯ ಪ್ರಾರ್ಥನೆ ಅಥವಾ ಲಿಂಗಪೂಜೆಯ ನಂತರದ ಸಮಯ ಒಳ್ಳೆಯದು.

2. ಕಾಗುಣಿತ, ಅಂದದ ಅಕ್ಷರದ ಚಿಂತೆ ಬೇಡ. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ.

3. ಏನಾಯಿತು, ಆಗ ಏನನಿಸಿತು, ಈಗ ಏನನಿಸುತ್ತಿದೆ, ಈ ಮೂರನ್ನೂ ಬರೆಯಿರಿ. ಕೊನೆಗೆ ನಿಮ್ಮ ಇಷ್ಟದೈವದ ಹೆಸರು ಬರೆದು ಮುಗಿಸಿ.

4. ಇದು ನಿಮ್ಮ ಸ್ವಂತದ ಪುಟ. ಯಾರಿಗೂ ತೋರಿಸಬೇಕಾಗಿಲ್ಲ. ಬೇಕಾದರೆ ಹರಿದು ಹಾಕಿ.

5. ನೋವು ಎಷ್ಟು ಗಂಟೆಗೆ ಬಂತು, ಏನು ತಿಂದಿರಿ, ಯಾವ ಮಾತ್ರೆ ತಪ್ಪಿತು ಎಂಬುದನ್ನು ಬೇರೆ ಪುಟದಲ್ಲಿ ಬರೆದಿಡಿ. ಅದನ್ನು ರೌಂಡ್ಸ್‌ಗೆ ಬರುವ ವೈದ್ಯರಿಗೆ ತಪ್ಪದೆ ತೋರಿಸಿ.

6. ಓದು ಬರಹ ಬಾರದವರು, ಕೈಗೆ ಡ್ರಿಪ್ ಹಾಕಿಸಿಕೊಂಡವರು ಬಾಯಲ್ಲಿ ಹೇಳಿ. ಜೊತೆಗಿರುವವರು ತಿದ್ದದೆ, ಬುದ್ಧಿ ಹೇಳದೆ ಬರೆದುಕೊಳ್ಳಿ. ಶರಣರ ನುಡಿಗಳೂ ಯಾರೋ ಓಲೆಗರಿಯಲ್ಲಿ ಬರೆದಿಟ್ಟದ್ದರಿಂದಲೇ ಉಳಿದವು. ಫ.ಗು. ಹಳಕಟ್ಟಿಯವರು ಆ ಓಲೆಗರಿಗಳನ್ನು ಹುಡುಕಿ 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು.

ಒಬ್ಬ ತಾಯಿಯ ಅನುಭವ

ಗಂಡನ ಡಯಾಲಿಸಿಸ್‌ಗೆಂದು ಬರುತ್ತಿದ್ದ ಒಬ್ಬ ತಾಯಿ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆಯಲು ಶುರುಮಾಡಿದರು. ಮೊದಲ ದಿನ ಅಳುತ್ತಾ ಬಂದು, "ದೇವರ ಮೇಲೆ ಕೋಪ ಬಂದಿದೆ ಅಂತ ಬರೆದುಬಿಟ್ಟೆ ಸಿಸ್ಟರ್, ತಪ್ಪಾಯ್ತಾ?" ಎಂದು ಕೇಳಿದರು. "ಕೋಪ ಮಾಡಿಕೊಳ್ಳೋದು ನಮ್ಮೋರು ಅಂದುಕೊಂಡವರ ಮೇಲೇ ಅಲ್ವಾ ಅಮ್ಮ" ಎಂದೆ. ಮೂರನೆಯ ದಿನ ಬರೆಯುತ್ತಿದ್ದಾಗ ತಮ್ಮ ನಿಜವಾದ ಭಯ ಏನೆಂದು ಅವರಿಗೇ ಗೊತ್ತಾಯಿತು. ಮಗಳ ಕಾಲೇಜು ಫೀಸಿಗೆ ಯಾರನ್ನು ಕೇಳುವುದು ಎಂಬುದೇ ಆ ಭಯ. ಆ ವಾರವೇ ಅಣ್ಣನಿಗೆ ಫೋನ್ ಮಾಡಿ ಮಾತನಾಡಿದರು. ಗಂಡನ ಕಾಯಿಲೆ ಹಾಗೇ ಇತ್ತು. ಆದರೆ ಬೆಟ್ಟದಂತಿದ್ದ ಚಿಂತೆಯಲ್ಲಿ ಎತ್ತಿಡಬಹುದಾದ ಒಂದು ಕಲ್ಲು ಅವರ ಕಣ್ಣಿಗೆ ಬಿತ್ತು.

ಎಚ್ಚರಿಕೆ

ಬರೆದ ತಕ್ಷಣ ಸ್ವಲ್ಪ ಹೊತ್ತು ದುಃಖ ಹೆಚ್ಚಾಗುವುದು ಸಹಜ. ಆಪರೇಷನ್ ಆದ ಮೊದಲ ದಿನಗಳಲ್ಲಿ, ಮನೆಯಲ್ಲಿ ಸಾವು ನಡೆದ ಹೊಸದರಲ್ಲಿ ಒತ್ತಾಯದಿಂದ ಬರೆಯಬೇಡಿ. ಬರೆದಷ್ಟೂ ಸಂಕಟ ಏರುತ್ತಿದ್ದರೆ ನಿಲ್ಲಿಸಿ. ನಿದ್ರೆ, ಊಟ ಬಿಟ್ಟುಹೋದರೆ ನಮಗೆ ತಿಳಿಸಿ. ಬದುಕೇ ಬೇಡ ಎಂಬ ಯೋಚನೆ ಬಂದರೆ ಆ ಕ್ಷಣವೇ ಡ್ಯೂಟಿಯಲ್ಲಿರುವ ಸಿಸ್ಟರ್ ಅಥವಾ ವೈದ್ಯರಿಗೆ ಹೇಳಿ. ಮನೆಗೆ ಹೋದ ಮೇಲಾದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಬಂಧುಗಳೇ, ಇಂದು ಸಂಜೆ ಒಂದೇ ಸಾಲು ಬರೆದು ನೋಡಿ. ಹಾಳೆ ಇಲ್ಲದಿದ್ದರೆ ವಾರ್ಡಿನ ಸಿಸ್ಟರನ್ನು ಸಂಕೋಚವಿಲ್ಲದೆ ಕೇಳಿ. ನಿಮ್ಮೆಲ್ಲರಿಗೂ ಬೇಗ ಗುಣವಾಗಲಿ.