ಪಾಪನಿವೇದನೆಯ ಪದಗಳು: ಕುಂದಾಪುರ ಪರಿಸರದ ಕ್ರೈಸ್ತ ಬದುಕನ್ನು ಮುಂದಿಟ್ಟುಕೊಂಡು

ಕರಾವಳಿಯ ಕ್ರೈಸ್ತರನ್ನು ಕುರಿತ ಕನ್ನಡದ ಅಧ್ಯಯನಗಳು ಬಹುಮಟ್ಟಿಗೆ ಬಾಸೆಲ್ ಮಿಶನ್ನಿನ ಮುದ್ರಣಾಲಯ, ಪತ್ರಿಕೆ, ನಿಘಂಟುಗಳ ಸುತ್ತಲೇ ನಡೆದಿವೆ. 1834ರಲ್ಲಿ ಮಂಗಳೂರಿಗೆ ಬಂದ ಆ ಸಂಸ್ಥೆ ಬಿಟ್ಟುಹೋದ ಬರೆಹ ಅಪಾರವಾದುದರಿಂದ ಇದು ಸಹಜವೇ. ಆದರೆ ಕ್ರೈಸ್ತ ಬದುಕಿನ ಕೇಂದ್ರದಲ್ಲಿರುವ ಪಾಪನಿವೇದನೆಯು ಬರೆಹಕ್ಕೆ ಸಿಕ್ಕುವಂಥದಲ್ಲ. ಕಥೋಲಿಕ ಗುರುವು ತಾನು ಕೇಳಿದ್ದನ್ನು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಸಂಶೋಧನೆಗೆ ಉಳಿಯುವುದು ಆ ಕ್ರಿಯೆಯನ್ನು ಸುತ್ತುವರಿದ ಪದಗಳು ಮಾತ್ರ. ಆ ಪದಗಳು ಕ್ಷಮೆಯನ್ನು ಹೇಗೆ ಗ್ರಹಿಸಿವೆ ಎಂಬುದೇ ಇಲ್ಲಿಯ ಪ್ರಶ್ನೆ.

ಯಡ್ತರೆ, ಬೈಂದೂರು, ಗಂಗೊಳ್ಳಿ, ಕುಂದಾಪುರದ ಆಸುಪಾಸಿನ ಕಥೋಲಿಕರಲ್ಲಿ ಬಹುಪಾಲು ಜನರ ಮನೆಮಾತು ಕೊಂಕಣಿ; ಪೇಟೆಯ ಮಾತು ಕುಂದಗನ್ನಡ. ಕೊಂಕಣಿಯಲ್ಲಿ ಪಾಪನಿವೇದನೆಗೆ 'ಕುಮ್ಸಾರ್' ಎನ್ನುತ್ತಾರೆ. ಇದು ಪೋರ್ಚುಗೀಸಿನಿಂದ ಬಂದ ಪದ. ಆದರೆ ಪಾಪಕ್ಕೆ 'ಪಾತಕ್', ಅದಕ್ಕಾಗಿ ವಿಧಿಸುವ ಆಚರಣೆಗೆ 'ಪ್ರಾಚಿತ್'. ಅಂದರೆ ಹೇಳಿಕೊಳ್ಳುವ ಕ್ರಮಕ್ಕೆ ಹೊರಗಿನ ಹೆಸರು ಬೇಕಾಯಿತು. ಪಾತಕ, ಪ್ರಾಯಶ್ಚಿತ್ತಗಳು ನಾಡಿನಲ್ಲಿ ಮೊದಲೇ ಇದ್ದವು. ಹಳೆಯ ಪದದೊಂದಿಗೆ ಹಳೆಯ ಅರ್ಥವೂ ಒಳಗೆ ಬರುತ್ತದೆ. ಧರ್ಮಶಾಸ್ತ್ರದ ಪ್ರಾಯಶ್ಚಿತ್ತದಲ್ಲಿ ಆಚರಣೆಯೇ ಪಾಪವನ್ನು ಕಳೆಯುತ್ತದೆ. ಕರಾವಳಿಯ ದೇವಸ್ಥಾನ, ದೈವಸ್ಥಾನಗಳಿಗೆ ಸಲ್ಲುವ 'ತಪ್ಪುಕಾಣಿಕೆ'ಯಲ್ಲಿಯೂ ಒಪ್ಪಿಸುವುದೇ ಮುಖ್ಯ. ಕಥೋಲಿಕ ಕ್ರಮದಲ್ಲಾದರೋ ಗುರು ವಿಧಿಸಿದ ಪ್ರಾಚಿತ್ ನೆರವೇರುವುದು ಸಾಮಾನ್ಯವಾಗಿ ಪಾಪವಿಮೋಚನೆಯ ಮಾತು ಆದಮೇಲೆ. ಅದು ಕ್ಷಮೆಗೆ ತೆರುವ ಬೆಲೆಯಲ್ಲ, ಕೆಡಿಸಿದ್ದನ್ನು ಸರಿಪಡಿಸುವ ಕೆಲಸ. ಈ ವ್ಯತ್ಯಾಸವನ್ನು ಪದವು ತಾನಾಗಿ ತಿಳಿಸಲಾರದು.

ವಿಮೋಚನೆಯ ಮಾತನ್ನು ಆಡುವ ಅಧಿಕಾರ ಯಾರದು ಎಂಬ ಪ್ರಶ್ನೆ ಇದಕ್ಕಿಂತ ತೊಡಕಿನದು. ಅಧಿಕಾರವ್ಯಾಪ್ತಿ ಇಲ್ಲದ ಗುರುವು ನೀಡಿದ ವಿಮೋಚನೆ ಸಲ್ಲದೆಂದು ಟ್ರೆಂಟ್ ಮಹಾಸಭೆ 1551ರಲ್ಲಿ ಸಾರಿತ್ತು. ಕುಂದಾಪುರದ ರೊಜಾರಿ ಮಾತೆಯ ಇಗರ್ಜಿಯ ಆರಂಭವನ್ನು 1570ಕ್ಕೆ ಹೇಳಲಾಗುತ್ತದೆ. ಮುಂದಿನ ಶತಮಾನದಲ್ಲಿ ಕೆನರಾದ ಕ್ರೈಸ್ತರು ಎರಡು ಅಧಿಕಾರಗಳ ನಡುವೆ ಸಿಕ್ಕಿಕೊಂಡರು. ಒಂದೆಡೆ ಪೋರ್ಚುಗೀಸ್ ದೊರೆಯ ಪೋಷಣಾಧಿಕಾರಕ್ಕೆ ಒಳಪಟ್ಟ ಗೋವೆಯ ಆರ್ಚ್‌ಬಿಷಪ್; ಇನ್ನೊಂದೆಡೆ ರೋಮ್ ನೇರವಾಗಿ ನೇಮಿಸಿದ ಬಿಷಪ್ ತೋಮಸ್ ದೆ ಕಾಸ್ತ್ರೊ. ಇದನ್ನು ಕೇವಲ ಆಡಳಿತದ ಜಗಳವೆಂದು ಕಾಣುವುದು ಸಾಲದು. ಪಾಪನಿವೇದನೆಗೆ ಹೋದವರಿಗೆ ಅದನ್ನು ಕೇಳುವ ಗುರು ಯಾವ ಪಕ್ಷದವನೆಂಬುದು ಸಣ್ಣ ವಿಷಯವಾಗಿರಲಾರದು. ಅವನ ಮಾತು ಸಲ್ಲದಿದ್ದರೆ ಹೇಳಿಕೊಂಡ ಪಾಪ ಹಾಗೆಯೇ ಉಳಿಯಿತಲ್ಲ! 1681ರಲ್ಲಿ ಗೋವೆಯಿಂದ ಕೆನರಾಕ್ಕೆ ನಿಯುಕ್ತರಾಗಿ ಬಂದ ಜೋಸೆಫ್ ವಾಜ್ ಎದುರಿಸಬೇಕಾದುದು ಈ ಕಲಹವನ್ನು. ಕುಂದಾಪುರವೂ ಅವರ ಸೇವಾಕ್ಷೇತ್ರವಾಗಿತ್ತು. ಮುಂದೆ ಸಿಂಹಳಕ್ಕೆ ಹೋದ ಅವರನ್ನು 2015ರಲ್ಲಿ ಸಂತರೆಂದು ಘೋಷಿಸಲಾಯಿತು.

ಪ್ರೊಟೆಸ್ಟಂಟ್ ಸಭೆಗಳಲ್ಲಿ ಇಂಥ ಪ್ರಶ್ನೆ ಏಳುವುದು ಕಡಿಮೆ. ಅಲ್ಲಿ ಪಾಪದ ಅರಿಕೆ ನೇರವಾಗಿ ದೇವರಿಗೆ, ಆರಾಧನೆಯಲ್ಲಿ ಸಭೆಯ ಜೊತೆಗೂಡಿ. ಆದರೂ 'ಅರಿಕೆ' ಎಂಬ ಪದ ನಿರ್ಲಿಪ್ತವಾದುದಲ್ಲ. ಅರಿಯುವಂತೆ ಮಾಡುವುದು ಅದರ ಮೂಲಾರ್ಥವಾದರೂ ಬಳಕೆಯಲ್ಲಿ ಅದು ಕಿರಿಯರು ಹಿರಿಯರಿಗೆ, ಪ್ರಜೆ ಪ್ರಭುವಿಗೆ ಸಲ್ಲಿಸುವ ಬಿನ್ನಹ. ದೇವರು ಎಲ್ಲವನ್ನೂ ಬಲ್ಲವನೆಂದಮೇಲೆ ಅವನಿಗೆ ಅರಿವು ಮಾಡಿಕೊಡುವುದೇನು? ಹೊಸ ಒಡಂಬಡಿಕೆಯ ಗ್ರೀಕ್ ಕ್ರಿಯಾಪದದ ಅರ್ಥ 'ಅದನ್ನೇ ನುಡಿ' ಎಂಬುದು. ದೇವರು ಬಲ್ಲದ್ದನ್ನೇ ಮನುಷ್ಯನೂ ನುಡಿಯುವುದು. ಇದಕ್ಕೆ 'ಒಪ್ಪಿಕೊಳ್ಳು' ಹೆಚ್ಚು ಹತ್ತಿರ. ಆದರೆ 'ತಪ್ಪೊಪ್ಪಿಗೆ'ಯನ್ನು ಈಗ ಪೊಲೀಸು ಠಾಣೆ, ನ್ಯಾಯಾಲಯಗಳೇ ವಶಪಡಿಸಿಕೊಂಡಿವೆ. ಅಲ್ಲಿ ಒಪ್ಪಿಕೊಂಡವನಿಗೆ ಕಾದಿರುವುದು ಶಿಕ್ಷೆ.

ಕ್ಷಮೆಯ ಪದಗಳಲ್ಲಿಯೂ ಇಂಥದೇ ಸೂಕ್ಷ್ಮವಿದೆ. ಗ್ರೀಕಿನ ಪದ ಬಿಟ್ಟುಬಿಡುವುದನ್ನು, ಸಾಲ ಮನ್ನಾ ಮಾಡುವುದನ್ನು ಸೂಚಿಸುತ್ತದೆ. ಸಂಸ್ಕೃತದ 'ಕ್ಷಮೆ' ತಾಳಿಕೊಳ್ಳುವುದು. ಭೂಮಿಗೂ ಅದೇ ಹೆಸರು. ಕನ್ನಡದ 'ಮನ್ನಿಸು' ಇವೆರಡಕ್ಕಿಂತ ಬೇರೆ. 'ಮನ್ನಣೆ'ಯೂ ಅದೇ ಮೂಲದ್ದು. ಮನ್ನಿಸುವುದೆಂದರೆ ತಪ್ಪಿದವನಿಗೆ ಮರ್ಯಾದೆಯನ್ನು ಮರಳಿ ಕೊಡುವುದು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಮನೆಗೆ ಮರಳಿದ ಕಿರಿಯ ಮಗ ತನ್ನನ್ನು ಕೂಲಿಯಾಳಾಗಿ ಇರಿಸಿಕೊಳ್ಳಬೇಕೆಂದು ಕೇಳಲು ಮೊದಲೇ ಮಾತನ್ನು ಸಿದ್ಧಪಡಿಸಿಕೊಂಡಿರುತ್ತಾನೆ. ಪಾಪವನ್ನು ಒಪ್ಪಿಕೊಂಡರೂ ಆ ಕೊನೆಯ ಮಾತನ್ನು ಅವನು ಆಡುವುದಿಲ್ಲ. ಕ್ಷಮಿಸಿದೆನೆಂದು ತಂದೆಯೂ ನುಡಿಯುವುದಿಲ್ಲ. ಆಳುಗಳನ್ನು ಕರೆದು ನಿಲುವಂಗಿ, ಉಂಗುರ, ಜೋಡುಗಳನ್ನು ತರಿಸುತ್ತಾನೆ.