ಬಾಸಿನ ಬೆನ್ನು ಹಿಡಿದು: ‘ವಾಲ್ಟ್ಸ್ ಫಾರ್ ಡೆಬಿ’ ಕೇಳುವ ಬಗೆ

ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಜಾಝ್ ಕ್ಲಬ್ಬಿದೆ. ಬೀದಿಯಿಂದ ಮೆಟ್ಟಿಲಿಳಿದು ಹೋಗಬೇಕಾದ ಇಕ್ಕಟ್ಟಿನ ನೆಲಮಾಳಿಗೆ ಅದು. 1935ರಲ್ಲಿ ಮ್ಯಾಕ್ಸ್ ಗಾರ್ಡನ್ ಶುರುಮಾಡಿದ್ದು ಇವತ್ತಿಗೂ ನಡೆಯುತ್ತಿದೆ. 1961ರ ಜೂನ್ 25, ಭಾನುವಾರ, ಅಲ್ಲಿ ಮೂವರು ಮಧ್ಯಾಹ್ನ ಎರಡು ಸರದಿ, ರಾತ್ರಿ ಮೂರು ಸರದಿ ನುಡಿಸಿದರು. ಪಿಯಾನೋದಲ್ಲಿ ಬಿಲ್ ಇವಾನ್ಸ್, ಬಾಸಿನಲ್ಲಿ ಸ್ಕಾಟ್ ಲಫಾರೋ, ಡ್ರಮ್ಸಿನಲ್ಲಿ ಪಾಲ್ ಮೋಶನ್. ರಿವರ್‌ಸೈಡ್ ಕಂಪನಿಯ ನಿರ್ಮಾಪಕ ಆರಿನ್ ಕೀಪ್‌ನ್ಯೂಸ್, ಧ್ವನಿಮುದ್ರಣ ಮಾಡಿದ ಡೇವ್ ಜೋನ್ಸ್ ಇಬ್ಬರೂ ಅಲ್ಲಿದ್ದರು. ಆ ಒಂದು ದಿನದ ಟೇಪಿನಿಂದ ಎರಡು ಎಲ್‌ಪಿ ಹುಟ್ಟಿದವು. ಎರಡನೆಯದು, 1962ರಲ್ಲಿ ಬಂದದ್ದು, ‘ವಾಲ್ಟ್ಸ್ ಫಾರ್ ಡೆಬಿ’.

ಈ ಎಲ್‌ಪಿ ಅಂದಿನಿಂದ ಮತ್ತೆ ಮತ್ತೆ ಮರುಮುದ್ರಣವಾಗುತ್ತಲೇ ಇದೆ. ಸಾಮಾನ್ಯ ಪ್ರತಿಗಳಿವೆ, ದುಬಾರಿ ಬೆಲೆಯ ‘ಆಡಿಯೋಫೈಲ್’ ಪ್ರತಿಗಳೂ ಇವೆ. ಜಾಝಿಗೆ ಹೊಸಬರಾದ, ಈಚೆಗಷ್ಟೇ ಟರ್ನ್‌ಟೇಬಲ್ ತಂದಿಟ್ಟುಕೊಂಡ ಎಷ್ಟೋ ಮಂದಿ ಮೊದಲು ಕೊಳ್ಳುವ ರೆಕಾರ್ಡು ಇದೇ. ಕೊಂಡವರಲ್ಲಿ ಹಲವರಿಗೆ, ಹಿತವಾಗಿದೆ ನಿಜ, ಆದರೆ ಇದಕ್ಕೆ ಇಷ್ಟೊಂದು ದುಡ್ಡು ಯಾಕೆ ಅನಿಸುತ್ತದೆ. ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕಲು ಪಿಯಾನೋವನ್ನು ಸ್ವಲ್ಪ ಹೊತ್ತು ಮರೆತು ಬಾಸಿನ ಹಿಂದೆ ಹೋಗಬೇಕು.

ಅದಕ್ಕೂ ಮುಂಚೆ ಪಿಯಾನೋ ಟ್ರಿಯೋದ ಮಾಮೂಲು ಏರ್ಪಾಡು ಗೊತ್ತಿರಲಿ. ಮೊದಲು ಹಾಡಿನ ಮಟ್ಟನ್ನು ಒಂದು ಸಲ ನುಡಿಸುತ್ತಾರೆ. ಆ ಮಟ್ಟಿನ ಕೆಳಗೆ ಸ್ವರಮೇಳಗಳ, ಅಂದರೆ ಕಾರ್ಡುಗಳ, ಒಂದು ಸುತ್ತು ಇರುತ್ತದೆ. ಮಟ್ಟು ಮುಗಿದರೂ ಸುತ್ತು ನಿಲ್ಲುವುದಿಲ್ಲ. ಅದರ ಮೇಲೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುತ್ತ ಹೋಗುತ್ತಾರೆ, ಕೊನೆಗೆ ಮಟ್ಟಿಗೆ ಮರಳುತ್ತಾರೆ. 1950ರ ದಶಕದ ಹೆಚ್ಚಿನ ಟ್ರಿಯೋಗಳಲ್ಲಿ ಈ ಹೊಳೆಯುವ ಕೆಲಸವೆಲ್ಲ ಪಿಯಾನೋದ್ದು. ಬಾಸಿನವನು ಮಾತ್ರೆಗೊಂದು ಸ್ವರದಂತೆ ತಪ್ಪದೆ ನಡೆಯುತ್ತಾನೆ, ಡ್ರಮ್ಸಿನವನು ಕಾಲ ಹಿಡಿಯುತ್ತಾನೆ, ನಡುವೆ ಒಮ್ಮೊಮ್ಮೆ ಇವರಿಗೂ ಒಂದು ಸೋಲೋ ಸಿಗುತ್ತದೆ.

ಇವಾನ್ಸ್ 1959ರಲ್ಲಿ ಈ ತಂಡ ಕಟ್ಟಿದಾಗ ಅವರಿಗೆ ಬೇಕಾಗಿದ್ದದ್ದು ಬೇರೆ. ನಮ್ಮ ಕಛೇರಿ ಕೇಳಿ ರೂಢಿಯಾದವರಿಗೆ ಹೀಗೆ ಹೇಳಬಹುದು: ಕಲ್ಪನಾಸ್ವರದಲ್ಲಿ ಗಾಯಕರು ಹಾಕಿದ್ದಕ್ಕೆ ಪಿಟೀಲಿನವರು ತಮ್ಮ ಸರದಿ ಬಂದಾಗ ಉತ್ತರ ಕೊಡುತ್ತಾರೆ. ಈ ಮೂವರು ಸರದಿಗೇ ಕಾಯುವುದಿಲ್ಲ. ಪಿಯಾನೋ ಒಂದು ವಾಕ್ಯದ ನಡುವೆ ಇರುವಾಗಲೇ ಬಾಸ್ ಎದ್ದು ಬರುತ್ತದೆ. ಕೆಳಗೆ ನಡೆಯಬೇಕಾದದ್ದು ಮೇಲಿನ ಸ್ಥಾಯಿಗೆ ಹತ್ತಿ ಎದುರುಮಟ್ಟು ಹೆಣೆಯುತ್ತದೆ, ಆಮೇಲೆ ಕೆಳಗಿಳಿದು ಒಂದು ಉದ್ದ ಸ್ವರ ಎಳೆದು ಸುಮ್ಮನಾಗುತ್ತದೆ. ಮೋಶನ್ ತಾಳವನ್ನು ಬಿಡಿಸಿ ಹೇಳುವುದಕ್ಕಿಂತ ಸೂಚಿಸಿ ಬಿಡುವುದೇ ಹೆಚ್ಚು. ಕಾಲ ಮೂವರ ಒಳಗೂ ಓಡುತ್ತಿರುತ್ತದೆ, ಯಾರೂ ಅದನ್ನು ಬಾರಿಸಿ ತೋರಿಸಬೇಕಿಲ್ಲ.

ಲಫಾರೋಗೆ ಆಗ 25 ವರ್ಷ. ಗಿಟಾರಿನ ಮೇಲೆ ಓಡುವಂತೆ ಅವರ ಬೆರಳು ಆ ಆಳೆತ್ತರದ ವಾದ್ಯದ ಮೇಲೆ ಓಡುತ್ತಿತ್ತು. ಈ ಧ್ವನಿಮುದ್ರಣವಾದ 11 ದಿನಕ್ಕೆ, ಜುಲೈ 6ರಂದು, ಅವರು ಕಾರು ಅಪಘಾತದಲ್ಲಿ ತೀರಿಕೊಂಡರು. ಇವಾನ್ಸ್ ಎಷ್ಟೋ ತಿಂಗಳು ಜನರೆದುರು ನುಡಿಸಲೇ ಇಲ್ಲ. ಆ ಭಾನುವಾರದ ಟೇಪಿನಿಂದ ಮೊದಲು ಹೊರಬಂದ ‘ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’ಗೆ ಲಫಾರೋ ಎದ್ದು ಕಾಣುವಂಥ ಹಾಡುಗಳನ್ನೇ ಆರಿಸಿದರು. ಉಳಿದವುಗಳಿಂದ ಮರುವರ್ಷ ಬಂದದ್ದು ನಮ್ಮ ಕೈಲಿರುವ ರೆಕಾರ್ಡು. ಉಳಿದದ್ದು ಅಂದೆನಲ್ಲ, ಉಳಿಕೆ ಅನ್ನುವಂತೆ ಅದರಲ್ಲಿ ಏನೂ ಇಲ್ಲ. ನನ್ನ ಮಟ್ಟಿಗೆ ಎರಡರಲ್ಲಿ ಹೊಸಬರಿಗೆ ಇದೇ ಸುಲಭದ ಬಾಗಿಲು.

ಈಗ ಸೂಜಿ ಇಳಿಸಬಹುದು. ಮೊದಲ ಬದಿಯ ಮೊದಲನೆಯದು ‘ಮೈ ಫೂಲಿಶ್ ಹಾರ್ಟ್’, ವಿಕ್ಟರ್ ಯಂಗ್ 1949ರ ಒಂದು ಸಿನಿಮಾಕ್ಕೆ ಮಾಡಿದ ರಾಗ. ತೀರಾ ವಿಲಂಬ. ಲಫಾರೋ ಇಲ್ಲಿ ಬಹಳ ಕಡಿಮೆ ನುಡಿಸುತ್ತಾರೆ, ಒಂದೊಂದು ಸ್ವರವೂ ಇಳಿದು ನಿಂತು ಕರಗುತ್ತದೆ. ಮೋಶನ್ ಬ್ರಶ್ಶಿನಿಂದ ತಟ್ಟಿದ ಸಿಂಬಲಿನ ಗುಂಗು ಅದರ ಸುತ್ತ ಹರಡಿಕೊಂಡಿರುತ್ತದೆ. ನಡುನಡುವೆ ಗ್ಲಾಸುಗಳು ತಾಗುವ ಟಿಣ್ ಸದ್ದು, ಯಾರೋ ಮಾತಾಡುವ ಗುಸುಗುಸು. ರೆಕಾರ್ಡು ಕೆಟ್ಟಿದೆಯೆಂದು ಹೊಸಬರು ಗಾಬರಿಪಡುವುದುಂಟು. ಅವು ಕ್ಲಬ್ಬಿನ ಗಿರಾಕಿಗಳ ಸದ್ದು. ಅರ್ಧ ಜನ ಕೇಳುತ್ತಲೇ ಇರಲಿಲ್ಲವೇನೋ ಅನಿಸಿದಾಗ ನನಗೆ ಪ್ರತಿಸಲವೂ ಸಣ್ಣ ಹೊಟ್ಟೆಕಿಚ್ಚಾಗುತ್ತದೆ.

ಎರಡನೆಯದು ಶೀರ್ಷಿಕೆಯ ಹಾಡು. ಡೆಬಿ ಇವಾನ್ಸರ ಅಣ್ಣನ ಮಗಳು. ಈ ರಾಗವನ್ನು ಅವರು 1956ರ ತಮ್ಮ ಮೊದಲ ಆಲ್ಬಮ್ಮಿನಲ್ಲೇ ಒಬ್ಬರೇ, ಚುಟುಕಾಗಿ, ನುಡಿಸಿದ್ದರು. ಇಲ್ಲಿ ಅದು ಬೆಳೆದು ನಿಂತಿದೆ. ಶುರುವಿನಲ್ಲಿ ಒಂದು-ಎರಡು-ಮೂರು ಎಂದು ಬೆರಳು ಮಡಿಸಿ ಎಣಿಸಿ. ವಾಲ್ಟ್ಸ್ ಮೂರರ ನಡೆ. ಪಿಯಾನೋ, ಬಾಸ್ ಎರಡೇ ಮಟ್ಟನ್ನು ದಾಟಿಸುತ್ತವೆ. ಆಮೇಲೆ ಡ್ರಮ್ಸ್ ಸೇರಿ ನಡೆ ನಾಲ್ಕಕ್ಕೆ ತಿರುಗುತ್ತದೆ, ನಿಮ್ಮ ಎಣಿಕೆ ತಪ್ಪುತ್ತದೆ. ತಪ್ಪಲಿ. ಮೊದಲ ಸಲ ಆ ತಿರುವು ಗೊತ್ತಾದರೆ ಸಾಕು. ಎರಡನೆಯ ಸಲ ಪಿಯಾನೋವನ್ನು ಅದರ ಪಾಡಿಗೆ ಬಿಟ್ಟು ಬಾಸ್ ಒಂದನ್ನೇ ಕೊನೆಯವರೆಗೂ ಹಿಂಬಾಲಿಸಿ. ಅದು ಆಧಾರವಾಗಿ ನಿಲ್ಲುವ ಹೊತ್ತು ಎಷ್ಟು, ಮಾತಿಗಿಳಿಯುವ ಹೊತ್ತು ಎಷ್ಟು ಎಂದು ಗಮನಿಸಿ. ಪಿಯಾನೋ ಹಾಗೆ ಯಾಕೆ ತಡೆದು ತಡೆದು ನುಡಿಸುತ್ತದೆ ಎಂಬುದು ಆಗ ತಾನಾಗಿ ಹೊಳೆಯುತ್ತದೆ.

ಎರಡನೆಯ ಬದಿಯಲ್ಲಿ ಬರ್ನ್‌ಸ್ಟೈನ್‌ರ ‘ಸಮ್ ಅದರ್ ಟೈಮ್’ ಇದೆ, ಮೈಲ್ಸ್ ಡೇವಿಸರ ‘ಮೈಲ್‌ಸ್ಟೋನ್ಸ್’ ಇದೆ. ಕೊನೆಯದರಲ್ಲಿ ಲಫಾರೋ ಪೂರಾ ಸ್ವತಂತ್ರ.

ಇಷ್ಟಾದ ಮೇಲೆ ಮರುಮುದ್ರಣದ ಮಾತು. ಡಬಲ್ ಬಾಸಿನ ಅತಿ ಕೆಳಗಿನ ತಂತಿ ಬಿಟ್ಟರೆ ಸುಮಾರು 41 ಹರ್ಟ್ಸ್. ಮೊಬೈಲಿನ ಸ್ಪೀಕರಿಗೆ ಆ ಸ್ವರ ಹೊರಡಿಸುವ ತಾಕತ್ತೇ ಇಲ್ಲ. ಅದರ ಮೇಲಿನ ಅನುಸ್ವರಗಳಷ್ಟೇ ಕೇಳಿಸುತ್ತವೆ, ಮಿದುಳು ಉಳಿದದ್ದನ್ನು ಊಹಿಸಿಕೊಳ್ಳುತ್ತದೆ. ಈ ಆಲ್ಬಮ್ಮನ್ನು ಮೊಬೈಲಿನಲ್ಲಿ ಕೇಳಿದರೆ ಮೂವರಲ್ಲಿ ಒಬ್ಬರನ್ನು ಮುಕ್ಕಾಲು ಪಾಲು ಕಳೆದುಕೊಂಡಂತೆ. ಆದ್ದರಿಂದ ದುಬಾರಿ ರೆಕಾರ್ಡಿಗೆ ಕೈಹಾಕುವ ಮೊದಲು ಒಂದು ಸಾಧಾರಣ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ ನೋಡಿ ಎನ್ನುತ್ತೇನೆ. ಬಾಸ್ ಹಿಡಿಸಿದರೆ ಮಾತ್ರ ಮುಂದಿನ ಖರ್ಚು.

ಪ್ಲೇಟು ತಯಾರಾಗುವುದು ಹೀಗೆ. ಅಲ್ಯೂಮಿನಿಯಂ ಫಲಕಕ್ಕೆ ಮೆರುಗೆಣ್ಣೆಯಂಥ ಲ್ಯಾಕರ್ ಬಳಿದಿರುತ್ತಾರೆ. ಮೂಲ ಟೇಪನ್ನು ಓಡಿಸುತ್ತ, ಲೇತ್ ಯಂತ್ರದ ಬಿಸಿಮಾಡಿದ ಮೊನೆಯಿಂದ ಅದರಲ್ಲಿ ಗೀರು ಕೊರೆಯುತ್ತಾರೆ. ಆ ಲ್ಯಾಕರಿಗೆ ಬೆಳ್ಳಿಯ ತೆಳುಪದರ ಹಚ್ಚಿ, ಮೇಲೆ ನಿಕ್ಕಲ್ ಕೂರಿಸಿ ಅಚ್ಚು ತೆಗೆಯುತ್ತಾರೆ. ಅಚ್ಚಿನಿಂದ ಅಚ್ಚು ಮಾಡಿ, ಕೊನೆಯ ಅಚ್ಚಿನಲ್ಲಿ ವಿನೈಲ್ ಒತ್ತುತ್ತಾರೆ. ಟೇಪಿನಿಂದ ನಿಮ್ಮ ಸೂಜಿಯವರೆಗೆ ಇಷ್ಟು ಕೈ ಬದಲಾವಣೆ. ಆಡಿಯೋಫೈಲ್ ಪ್ರತಿಯಲ್ಲಿ ನೀವು ಹಣ ಕೊಡುವುದು ಈ ಸರಣಿಯಲ್ಲಿ ಎಚ್ಚರ ವಹಿಸಿದ್ದಕ್ಕೆ: ನಕಲಿನ ನಕಲಲ್ಲದ ಮೂಲ ಟೇಪು, ಅದನ್ನು ಕೊರೆದ ಪಳಗಿದ ಕೈ, ಗದ್ದಲವಿಲ್ಲದ ವಿನೈಲ್. ಲಕೋಟೆಯ ಮೇಲೆ ‘180 ಗ್ರಾಂ’ ಎಂದು ದೊಡ್ಡದಾಗಿ ಹಾಕಿರುತ್ತಾರೆ. ತೂಕ ಹೆಚ್ಚಾದ ಮಾತ್ರಕ್ಕೆ ನಾದ ಹೆಚ್ಚುವುದಿಲ್ಲ, ಕೈಗೆ ಗಟ್ಟಿ ಅನಿಸುತ್ತದೆ ಅಷ್ಟೆ.

ವೇಗದ ವಿಷಯ ಮಾತ್ರ ನಿಜಕ್ಕೂ ಮುಖ್ಯ. 33⅓ ಸುತ್ತಿನ ಎಲ್‌ಪಿಯ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಸರಿಯುತ್ತದೆ. ಒಳಗೆ ಲೇಬಲ್ಲಿನ ಹತ್ತಿರ ಬರುವಷ್ಟರಲ್ಲಿ ಅದು 20ರ ಆಸುಪಾಸು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೇ ಸಂಗೀತ ಇಕ್ಕಬೇಕಾದ್ದರಿಂದ ಒಳಗೀರುಗಳಲ್ಲಿ ಮೇಲಿನ ಸ್ವರಗಳು ಒರಟಾಗುತ್ತವೆ. ಸಿಂಬಲಿನ ಗುಂಗು ಮೊದಲು ಕೆಡುವುದು ಅಲ್ಲೇ. ಅದಕ್ಕೇ ಅನಲಾಗ್ ಪ್ರೊಡಕ್ಷನ್ಸ್ ಕಂಪನಿ ಈ ಆಲ್ಬಮ್ಮನ್ನು 45 ಸುತ್ತಿನ ವೇಗದಲ್ಲಿ, ಎರಡು ಪ್ಲೇಟುಗಳಾಗಿ ಹಂಚಿ ತಂದಿತ್ತು. ನಾದ ಬಿಚ್ಚಿಕೊಳ್ಳುತ್ತದೆ, ಸುಳ್ಳಲ್ಲ. ಆದರೆ ಒಂದೆರಡು ಹಾಡಿಗೊಮ್ಮೆ ಎದ್ದು ಪ್ಲೇಟು ತಿರುವಬೇಕು. ಇವಾನ್ಸರ ಗುಂಗಿನಲ್ಲಿದ್ದವರಿಗೆ ಅದೊಂದು ಕಿರಿಕಿರಿ.

ಹೊಸಬರಿಗೆ ನಾನು ಹೇಳುವುದು ಕ್ರಾಫ್ಟ್ ರೆಕಾರ್ಡಿಂಗ್ಸ್ ತಂದ 33⅓ರ ಪ್ರತಿ. ರಿವರ್‌ಸೈಡ್ 1964ರಲ್ಲಿ ದಿವಾಳಿಯೆದ್ದ ಮೇಲೆ ಅದರ ಟೇಪುಗಳು ಫ್ಯಾಂಟಸಿ ಕಂಪನಿಗೆ, ಅಲ್ಲಿಂದ ಕಾನ್‌ಕಾರ್ಡಿಗೆ ಸೇರಿದವು. ಫ್ಯಾಂಟಸಿ 1980ರ ದಶಕದಲ್ಲಿ ಅಗ್ಗದ ಬೆಲೆಗೆ ನಡೆಸಿದ ‘ಒರಿಜಿನಲ್ ಜಾಝ್ ಕ್ಲಾಸಿಕ್ಸ್’ ಮಾಲೆಗೆ ಕಾನ್‌ಕಾರ್ಡಿನ ಮರುಮುದ್ರಣ ಶಾಖೆಯಾದ ಕ್ರಾಫ್ಟ್ 2023ರಲ್ಲಿ ಮತ್ತೆ ಜೀವ ಕೊಟ್ಟಿತು. ಲ್ಯಾಕರ್ ಕೊರೆದವರು ಕೆವಿನ್ ಗ್ರೇ, ಮೂಲ ಟೇಪಿನಿಂದ ನೇರವಾಗಿ, ನಡುವೆ ಡಿಜಿಟಲ್ ಹಂತವಿಲ್ಲದೆ.

ಈ ಕೊನೆಯ ಮಾತಿಗೆ ಒಂದು ಹಿನ್ನೆಲೆಯಿದೆ. ಮೊಬೈಲ್ ಫಿಡೆಲಿಟಿ ಎಂಬ ಹೆಸರಾಂತ ಅಮೆರಿಕನ್ ಕಂಪನಿ ತನ್ನ ದುಬಾರಿ ಪ್ಲೇಟುಗಳಲ್ಲಿ ಎಷ್ಟೋ ವರ್ಷಗಳಿಂದ ಟೇಪನ್ನು ಮೊದಲು ಡಿಜಿಟಲ್ಲಿಗೆ ಇಳಿಸಿ ಆಮೇಲೆ ಕೊರೆಯುತ್ತಿತ್ತು ಎಂಬುದು 2022ರಲ್ಲಿ ಬಯಲಾಯಿತು. ಕೊಂಡವರು ಕೋರ್ಟಿಗೆ ಹೋದರು, 2.5 ಕೋಟಿ ಡಾಲರಿನ ರಾಜಿಯಾಯಿತು. ಮುಚ್ಚಿಟ್ಟದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗೀರುಗಳಲ್ಲಿ ಡಿಜಿಟಲ್ಲಿನ ವಾಸನೆ ಅಷ್ಟು ವರ್ಷ ಯಾರ ಪಳಗಿದ ಕಿವಿಗೂ ಹತ್ತಲಿಲ್ಲ ಎಂಬುದೂ ಅಷ್ಟೇ ದಿಟ. ಟೇಪಿನ ವಂಶಾವಳಿ ತಿಳಿದಿರುವುದು ಒಳ್ಳೆಯದು. ಅದನ್ನೇ ಕೇಳುತ್ತ ಕೂತರೆ ಲಫಾರೋ ಕೈತಪ್ಪಿ ಹೋಗುತ್ತಾರೆ.

ಉಪಕರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರ್ಟ್ರಿಜ್ ತಯಾರಕರು ಹೇಳಿದಷ್ಟೇ ಭಾರ ಸೂಜಿಯ ಮೇಲಿರಲಿ, ಸ್ಪೀಕರುಗಳು ಟರ್ನ್‌ಟೇಬಲ್ ಇಟ್ಟ ಮೇಜಿನ ಮೇಲೆ ಬೇಡ, ಪ್ಲೇಟುಗಳನ್ನು ನೆಟ್ಟಗೆ ನಿಲ್ಲಿಸಿಡಿ.

ಈ ಎಲ್‌ಪಿ ಪರಿಚಯವಾದ ಮೇಲೆ ‘ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’ಗೆ ಹೋಗಿ. ಅದರ ಮೊದಲ ಹಾಡು, ಕೊನೆಯ ಹಾಡು ಎರಡೂ ಲಫಾರೋ ಕಟ್ಟಿದವು. ಅದೂ ಆದ ಮೇಲೆ 2005ರಲ್ಲಿ ಬಂದ ಮೂರು ಸಿಡಿಗಳ ಸಂಪುಟವಿದೆ. ಆ ಭಾನುವಾರದ ನುಡಿಕೆಯನ್ನು ನುಡಿಸಿದ ಕ್ರಮದಲ್ಲೇ ಅದರಲ್ಲಿ ಜೋಡಿಸಿದ್ದಾರೆ, ಕರೆಂಟು ಹೋಗಿ ನಡುವೆ ತುಂಡಾದ ಮೊದಲ ಹಾಡೂ ಸೇರಿ. ಡೆಬಿಯ ವಾಲ್ಟ್ಸನ್ನು ಅವರು ಅಂದು ಎರಡು ಸಲ ನುಡಿಸಿದ್ದರು, ಎಲ್‌ಪಿಯಲ್ಲಿರುವುದು ಎರಡನೆಯದು. ಎರಡನ್ನೂ ಒಂದರ ಹಿಂದೊಂದು ಹಾಕಿ, ಅದೇ ಸುತ್ತಿನ ಮೇಲೆ ಬಾಸ್ ಎಲ್ಲೆಲ್ಲಿ ಬೇರೆ ದಾರಿ ಹಿಡಿಯಿತು ಎಂದು ಕೇಳಿ ನೋಡಿ.