ಒಬ್ಬರ ಗಾಳಿ ಕಯಾಕ್: ಕೊಳ್ಳುವ ಮುನ್ನ

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳೂ ಮಳೆಯನ್ನೇ ನಂಬಿವೆ. ಇಲ್ಲಿನವರಿಗೆ ಕಯಾಕ್ ಪಯಣವೆಂದರೆ ಹೊನ್ನಾವರದ ಶರಾವತಿ ಅಳಿವೆಯಂಥ ದೂರದ ನೀರು. ಬಸ್ಸಿನಲ್ಲಿ ಒಯ್ಯಬೇಕಾದ್ದರಿಂದ, ಮಡಚಿದರೆ ಚೀಲದೊಳಗೆ ಕೂರುವ ಗಾಳಿ ಕಯಾಕೇ ಸೂಕ್ತ. ತೂಕ 15 ಕಿಲೋ ಮೀರದಿದ್ದರೆ ಒಳಿತು.

ದೂರ ಸಾಗಲು ಉದ್ದವೇ ಮುಖ್ಯ. ಸುಮಾರು 3.5 ಮೀಟರಿಗಿಂತ ಗಿಡ್ಡದ್ದು ಹುಟ್ಟಿನ ಪ್ರತಿ ಎಳೆತಕ್ಕೂ ಮೂತಿ ತಿರುಗಿಸುತ್ತದೆ. ಹಿಂಬದಿಯ ಅಡಿರೆಕ್ಕೆ ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಎರಡು ಪದರಗಳನ್ನು ಸಾವಿರಾರು ನೂಲುಗಳಿಂದ ಬಿಗಿದ ‘ಡ್ರಾಪ್ ಸ್ಟಿಚ್’ ತಳ ಹೆಚ್ಚು ಒತ್ತಡ ತಾಳಿ ಹಲಗೆಯಂತೆ ನಿಲ್ಲುತ್ತದೆ. ಬೆಲೆ ಹೆಚ್ಚಾದರೂ ಪಯಣಕ್ಕೆ ಇದೇ ಸರಿ. ಗಾಳಿಕೋಣೆಗಳು ಕನಿಷ್ಠ ಮೂರಿರಲಿ.

ಬಿಸಿಲಿನ ದಡದಲ್ಲಿ ಗಾಳಿ ಹಿಗ್ಗಿ ಬೆಸುಗೆ ಬಿಡಬಹುದು, ಸ್ವಲ್ಪ ಇಳಿಸಿಡಬೇಕು. ಜೀವರಕ್ಷಕ ಜಾಕೆಟ್ಟಿನ ಖರ್ಚನ್ನು ಕಯಾಕಿನ ಬೆಲೆಯೊಳಗೇ ಎಣಿಸಿಕೊಳ್ಳಿ.